ಮಣ್ಣು ಎಲ್ಲಿ ಹಾಕಿದರು?



ನಾನು ಗುಲ್ಬರ್ಗದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಕಾಲೇಜು ಓದುತ್ತಿದ್ದ ಕಾಲ. ಭಾನುವಾರ ಬೆಳಗಿನ ಆಟಕ್ಕೆ ಟಾಕೀಸಿನಲ್ಲಿ ಇಂಗ್ಲಿಷ್ ಸಿನಿಮಾ ಹಾಕುತ್ತಿದ್ದರು. ಊರೂರು ಸುತ್ತಿ ಮೈತುಂಬ ಗೀರು ಬಿದ್ದ ಹಳೆಯ ಪ್ರಿಂಟುಗಳು. ಅಂಥ ಒಂದು ಭಾನುವಾರ ಕಮಲಾಪುರದಿಂದ ನನ್ನ ಕಾಕಾ ಬಂದಿದ್ದರು. ಬಾವಿ ತೋಡುವುದು ಅವರ ಕಸುಬು. ಕಮಲಾಪುರದ ಕೆಂಪು ಬಾಳೆಯ ತೋಟಗಳಿಗೆ ನೀರು ಕೊಟ್ಟ ಬಾವಿಗಳಲ್ಲಿ ಕೆಲವು ಅವರ ಕೈಯಿಂದ ಇಳಿದವು. ಆವತ್ತು ಬಜಾರದಲ್ಲಿ ಹೊಸ ಹಗ್ಗ ಕೊಂಡಿದ್ದರು. ಹುಮನಾಬಾದ್ ಕಡೆಯ ಬಸ್ಸಿಗೆ ಮಧ್ಯಾಹ್ನದವರೆಗೆ ಹೊತ್ತಿತ್ತು. ಬಿಸಿಲಲ್ಲಿ ಕೂರುವ ಬದಲು ಒಳಗೆ ಕೂರೋಣ ಎಂದು ನಾನೇ ಕರೆದೊಯ್ದೆ. ಹಗ್ಗದ ಸಿಂಬಿಯನ್ನು ಕಾಲ ಬಳಿ ಇಟ್ಟುಕೊಂಡು ಕೂತರು.

ಸಿನಿಮಾದ ಹೆಸರು ‘ದಿ ಗ್ರೇಟ್ ಎಸ್ಕೇಪ್’. 1963ರ ಚಿತ್ರ, ಜಾನ್ ಸ್ಟರ್ಜಸ್ ನಿರ್ದೇಶನ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಕೈಗೆ ಸಿಕ್ಕಿದ ಮಿತ್ರರಾಷ್ಟ್ರಗಳ ವಿಮಾನ ಪಡೆಯ ಅಧಿಕಾರಿಗಳು ಸೆರೆಶಿಬಿರದ ಅಡಿಯಲ್ಲೇ ಸುರಂಗ ತೋಡಿ ಪಾರಾಗುವ ಕಥೆ. ಹೆಚ್ಚುಕಡಿಮೆ ಮೂರು ತಾಸು. ಕಾಕಾಗೆ ಇಂಗ್ಲಿಷಿನ ಒಂದಕ್ಷರವೂ ಬಾರದು. ನಾನು ನಡುನಡುವೆ ಅರ್ಥ ಹೇಳಲು ಹೋದರೆ ಕೈಯಾಡಿಸಿ ಸುಮ್ಮನಾಗಿಸಿದರು. ಪರದೆಯ ಮೇಲೆ ಮೊದಲ ಗುಂಡಿ ಇಳಿಯುತ್ತಿದ್ದ ಹಾಗೆ ಮುಂದಕ್ಕೆ ಬಾಗಿ ಕೂತರು. ಸ್ವಲ್ಪ ಹೊತ್ತಿಗೆ ನನ್ನ ಕಿವಿಯಲ್ಲಿ ಕೇಳಿದರು:

‘ತಮ್ಮಾ, ಇವರಿಗಿ ಗಾಳಿ ಎಲ್ಲಿಂದ ಬರ್ತದ? ತೋಡಿದ ಮಣ್ಣು ಎಲ್ಲಿ ಹಾಕ್ತಾರ?’

ಆ ಎರಡು ಪ್ರಶ್ನೆಗೆ ಉತ್ತರ ಹುಡುಕುತ್ತಲೇ ನಾನು ಮುಂದೆ ಈ ಚಿತ್ರದ ಹಿಂದಿನ ನಿಜಸಂಗತಿಯನ್ನು ಓದಿಕೊಂಡದ್ದು. ಇವತ್ತಿನ ಮಾತು ಅದೇ.

ಶಿಬಿರದ ಹೆಸರು ಸ್ಟಾಲಾಗ್ ಲುಫ್ಟ್ 3. ಊರು ಸಾಗಾನ್. ಆಗ ಜರ್ಮನಿಗೆ ಸೇರಿತ್ತು, ಈಗ ಪೋಲೆಂಡಿನಲ್ಲಿದೆ. ಸುರಂಗ ತೋಡಲು ಆಗಬಾರದೆಂದೇ ಜರ್ಮನರು ಆ ಜಾಗ ಆರಿಸಿದ್ದರು. ಮೇಲುಮಣ್ಣು ಬೂದು ಬಣ್ಣ, ಒಂದು ಗೇಣು ಕೆರೆದರೆ ಕೆಳಗೆಲ್ಲ ಹೊಳೆಯುವ ಹಳದಿ ಮರಳು. ಹೊರಗೆ ಒಂದು ಹಿಡಿ ಚೆಲ್ಲಿದರೂ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ನಮ್ಮ ಕಡೆ ಎರೆಹೊಲದಲ್ಲಿ ಬಾವಿ ತೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಪ್ಪು ಎರೆಯ ಮೇಲೆ ಒಂದು ಪುಟ್ಟಿ ಗರಸು ಸುರಿದರೆ ಅಲ್ಲಿ ಕೆಲಸ ನಡೆದಿದೆ ಅನ್ನುವುದು ಊರಿಗೆಲ್ಲ ಗೊತ್ತಾಗುತ್ತದೆ. ಕೈದಿಗಳ ಮನೆಗಳನ್ನು ನೆಲಕ್ಕೆ ತಾಗದ ಹಾಗೆ ಗೂಟಗಳ ಮೇಲೆ ಎತ್ತಿ ಕಟ್ಟಿದ್ದರು, ಪಹರೆಯವರು ಅಡಿಯಲ್ಲಿ ಬಗ್ಗಿ ನೋಡಬಹುದಿತ್ತು. ನೆಲದಲ್ಲಿ ಸದ್ದು ಹಿಡಿಯುವ ಯಂತ್ರಗಳನ್ನು ಬೇರೆ ಹೂಳಿದ್ದರು.

ಅದಕ್ಕೇ ಕೈದಿಗಳು ಯಂತ್ರಕ್ಕೆ ಕೇಳಿಸದಷ್ಟು ಆಳಕ್ಕೆ ಇಳಿದರು. ಸುಮಾರು 9 ಮೀಟರ್, ನಮ್ಮ ಲೆಕ್ಕದಲ್ಲಿ ಐದಾಳಿನ ಆಳ. ಒಟ್ಟು ಮೂರು ಸುರಂಗ. ಯಾರೂ ‘ಸುರಂಗ’ ಎಂಬ ಮಾತು ಬಾಯಲ್ಲಿ ತರುವಂತಿರಲಿಲ್ಲ. ಟಾಮ್, ಡಿಕ್, ಹ್ಯಾರಿ ಎಂದು ಹೆಸರಿಟ್ಟಿದ್ದರು, ನಾವು ರಾಮ, ಭೀಮ, ಸೋಮ ಅನ್ನುವ ಹಾಗೆ. ಹ್ಯಾರಿಯ ಬಾಯಿ 104ನೆಯ ಮನೆಯೊಳಗೆ, ಉರಿಯುವ ಒಲೆಯ ಕೆಳಗಿತ್ತು. ಅಲ್ಲಿಂದ ಹೊರಟ ದಾರಿ ನೂರು ಮೀಟರಿಗೂ ಮಿಕ್ಕಿ ಉದ್ದ. ಅಗಲ ಎರಡು ಅಡಿ, ಎತ್ತರವೂ ಎರಡೇ ಅಡಿ. ತೋಡುವವನು ಮೊಣಕೈ ಊರಿ ಮಲಗಿಯೇ ತೋಡಬೇಕು. ಮರಳು ಕುಸಿಯದಂತೆ ನಾಲ್ಕೂ ಕಡೆ ಹಲಗೆ ಕಟ್ಟಬೇಕು. ಆ ಹಲಗೆಗಳು ಎಲ್ಲಿಂದ ಬಂದವು? ಮಂಚಗಳಿಂದ. ಸುಮಾರು 4000 ಮಂಚದ ಹಲಗೆ ಹೋದವು ಎಂದು ಲೆಕ್ಕ ಸಿಗುತ್ತದೆ. ಅಂದರೆ ನೂರಾರು ಜನ ತಮ್ಮ ಬೆನ್ನಡಿಯ ಹಲಗೆ ಕೊಟ್ಟು ತಿಂಗಳುಗಟ್ಟಲೆ ಅರ್ಧ ಹಾಸಿಗೆಯಲ್ಲಿ ಮಲಗಿದರು.

ಇನ್ನು ಗಾಳಿ. ಕಾಕಾ ಹಳೆಯ ಬಾವಿಗೆ ಇಳಿಯುವ ಮುನ್ನ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಕೆಳಗೆ ಬಿಡುತ್ತಿದ್ದರು. ದೀಪ ಮಂಕಾದರೆ ಇಳಿಯುವುದಿಲ್ಲ. ಆಮೇಲೆ ಬೇವಿನ ದೊಡ್ಡ ಟೊಂಗೆಯೊಂದನ್ನು ಕಟ್ಟಿ, ತಾಸುಗಟ್ಟಲೆ ಮೇಲೆ ಕೆಳಗೆ ಆಡಿಸಿ, ಹೊಸ ಗಾಳಿಯನ್ನು ಒಳಗೆ ದೂಡುತ್ತಿದ್ದರು. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಸುರಂಗ ಬಾವಿ ಇದೆ, ಕರೇಜು ಅನ್ನುತ್ತಾರೆ. ನೆಲದೊಳಗೆ ಬಹುದೂರ ಹರಿದು ಬರುವ ನೀರಿನ ಕಾಲುವೆ ಅದು. ಅಲ್ಲಲ್ಲಿ ಮೇಲಿನಿಂದ ನೇರವಾಗಿ ಇಳಿದ ಬಾಯಿಗಳಿವೆ. ಮಣ್ಣು ಎತ್ತಿದ್ದು, ಗಾಳಿ ಇಳಿದದ್ದು ಎರಡೂ ಅವುಗಳಿಂದಲೇ. ಸಾಗಾನಿನಲ್ಲಿ ಅಂಥ ಬಾಯಿ ತೆರೆಯುವಂತಿಲ್ಲವಲ್ಲ, ಮೇಲೆ ಪಹರೆ. ಹಾಗಾಗಿ ಕೈದಿಗಳು ಕ್ಯಾನ್‌ವಾಸ್ ಚೀಲಗಳಿಂದ ಅಕ್ಕಸಾಲಿಯ ತಿದಿಯಂಥದ್ದೊಂದನ್ನು ಮಾಡಿದರು. ರೆಡ್‌ಕ್ರಾಸ್ ಕಳಿಸುತ್ತಿದ್ದ ಹಾಲಿನ ಪುಡಿಯ ಡಬ್ಬಿಗಳ ತಳ ಕತ್ತರಿಸಿ, ಒಂದರ ಬಾಯಿಗೆ ಒಂದನ್ನು ಜೋಡಿಸಿ, ಸುರಂಗದ ಉದ್ದಕ್ಕೂ ಕೊಳವೆ ಹಾಕಿದರು. ಒಬ್ಬ ಕೆಳಗೆ ಕೂತು ಅದನ್ನು ಜಗ್ಗುತ್ತಲೇ ಇರಬೇಕು. ಅವನ ತೋಳು ಸೋತರೆ ಮುಂದೆ ತೋಡುತ್ತಿರುವವನ ಉಸಿರು ಕಟ್ಟುತ್ತದೆ. ದೀಪಕ್ಕೆ ಅಡುಗೆಯ ಕೊಬ್ಬು ಎಣ್ಣೆಯಾಯಿತು, ಪೈಜಾಮದ ಲಾಡಿಯೇ ಬತ್ತಿಯಾಯಿತು. ಮುಂದೆ ಕದ್ದ ತಂತಿಯಿಂದ ಕರೆಂಟನ್ನೂ ಎಳೆದುಕೊಂಡರು.

ಮಣ್ಣಿನದು ಇನ್ನೂ ಕಷ್ಟ. ಪ್ಯಾಂಟಿನ ಒಳಗೆ ಕಾಲಿಗೆ ಉದ್ದನೆಯ ಚೀಲ ಇಳಿಬಿಟ್ಟು, ಅದರಲ್ಲಿ ಮರಳು ತುಂಬಿಕೊಂಡು, ಕಾಯಿಪಲ್ಯೆ ಮಡಿಗಳ ನಡುವೆ ಅಡ್ಡಾಡುತ್ತ ಜೇಬಿನೊಳಗಿನ ದಾರ ಎಳೆದರೆ ಮರಳು ಕಾಲಬಳಿ ಸೋರುತ್ತದೆ. ಅದನ್ನು ಕಾಲಿನಿಂದಲೇ ಮಣ್ಣಿಗೆ ಬೆರೆಸಿಬಿಡುವುದು. ಸಿನಿಮಾದಲ್ಲಿ ಇದು ಬಂದಾಗ ಕಾಕಾ ಜೋರಾಗಿ ತೊಡೆ ತಟ್ಟಿದರು. ಆದರೆ ಚಳಿಗಾಲ ಬಂದು ನೆಲದ ಮೇಲೆ ಹಿಮ ಕೂತಾಗ ಈ ಉಪಾಯ ನಡೆಯದಾಯಿತು. ಆಗ ಅವರಿಗೆ ಹೊಳೆದ ಜಾಗ ಶಿಬಿರದ ನಾಟಕಶಾಲೆ. ಕೈದಿಗಳೇ ಕಟ್ಟಿಕೊಂಡಿದ್ದು. ಅದರ ಒಂದು ಕುರ್ಚಿಯ ಕೆಳಗೆ ನೆಲ ತೆರೆಯುವಂತೆ ಮಾಡಿ, ಪ್ರೇಕ್ಷಕರು ಕೂರುವ ಜಾಗದ ಅಡಿಗೆಲ್ಲ ಮರಳು ತುಂಬಿದರು. ಇದು ಚಿತ್ರದಲ್ಲಿಲ್ಲ, ನಾನು ಓದಿ ತಿಳಿದದ್ದು. ಓದಿದ ದಿನ ನನಗೆ ನೆನಪಾದದ್ದು ನಮ್ಮ ಟಾಕೀಸು, ಕುರ್ಚಿಯ ಕೆಳಗೆ ಕಾಕಾ ಇಟ್ಟಿದ್ದ ಹಗ್ಗ.

ಇಷ್ಟು ಕೆಲಸ ಎಷ್ಟು ಜನರದು? ಸುಮಾರು ಆರು ನೂರು ಜನರದು. ತೋಡುವವರು, ಬಡಗಿಗಳು, ದರ್ಜಿಗಳು, ಸುಳ್ಳು ಗುರುತಿನ ಚೀಟಿ ಬರೆಯುವವರು, ನಕಾಶೆ ತೆಗೆಯುವವರು, ಕಿಟಕಿಯಲ್ಲಿ ಕೂತು ಪಹರೆಯವರ ಚಲನವಲನ ಗಮನಿಸುವವರು. ಹೊರಡಲು ಆರಿಸಿದ್ದು ಎರಡು ನೂರು ಜನರನ್ನು. ಜರ್ಮನ್ ಚೆನ್ನಾಗಿ ಬಲ್ಲವರಿಗೆ, ದಾಟುವ ಸಾಧ್ಯತೆ ಹೆಚ್ಚಿದ್ದವರಿಗೆ ಮೊದಲ ಪಾಳಿ. ಹೆಚ್ಚು ದುಡಿದವರಿಗೆ ಆನಂತರದ್ದು. ಮಿಕ್ಕವರಿಗೆ ಚೀಟಿ ಎತ್ತಿದರು. ಉಳಿದ ನಾಲ್ಕು ನೂರು ಜನ ತಮಗೆ ಪಾಳಿ ಬರುವುದಿಲ್ಲವೆಂದು ಗೊತ್ತಿದ್ದೂ ಕೆಲಸ ಬಿಡಲಿಲ್ಲ. ಈ ಸಂಗತಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅವರು. ನಮ್ಮ ಕಡೆ ಬಾವಿ ತೋಡುವವನು ನೀರು ಬಿದ್ದ ದಿನ ಕೂಲಿ ತಗೊಂಡು ಮುಂದಿನ ಊರಿಗೆ ಹೊರಡುತ್ತಾನೆ. ಆ ನೀರಿನಲ್ಲಿ ಬೆಳೆದ ಬಾಳೆಗೊನೆ ಅವನ ಮನೆಗೆ ಬರುವುದು ಅಪರೂಪ. ಆದರೂ ಕೊನೆಯ ಮೊಳದವರೆಗೆ ಗೋಡೆ ಸರಿಯಾಗಿಯೇ ಕಟ್ಟಿ ಹೋಗುತ್ತಾನೆ.

ಈ ಕಥೆಯನ್ನು ಲೋಕಕ್ಕೆ ಹೇಳಿದವನೂ ಒಳಗುಳಿದವನೇ. ಪಾಲ್ ಬ್ರಿಕ್‌ಹಿಲ್ ಎಂಬ ಆಸ್ಟ್ರೇಲಿಯಾದ ವಿಮಾನ ಚಾಲಕ ಅದೇ ಶಿಬಿರದಲ್ಲಿದ್ದ. ಸುಳ್ಳು ಗುರುತಿನ ಚೀಟಿ ಬರೆಯುವವರಿಗೆ ಕಾವಲು ಇಡುವುದು ಅವನ ಕೆಲಸ. ಇಕ್ಕಟ್ಟಿನ ಜಾಗದಲ್ಲಿ ಅವನಿಗೆ ಉಸಿರು ಕಟ್ಟಿದಂತಾಗುತ್ತಿತ್ತು. ಸುರಂಗದ ನಡುವೆ ಅವನು ಗಾಬರಿಯಾದರೆ ಹಿಂದಿನವರೆಲ್ಲ ಸಿಕ್ಕಿಹಾಕಿಕೊಳ್ಳುತ್ತಾರೆಂದು ಅವನನ್ನು ಬಿಟ್ಟರು. 1950ರಲ್ಲಿ ಅವನು ಪುಸ್ತಕ ಬರೆದ, ಅದರಿಂದ ಸಿನಿಮಾ ಆಯಿತು.

ಹೊರಟದ್ದು 1944ರ ಮಾರ್ಚ್ 24ರ ರಾತ್ರಿ. ಕೊರೆಯುವ ಚಳಿ, ನೆಲದ ತುಂಬ ಹಿಮ. ಸುರಂಗದ ಆಚೆಯ ಬಾಯಿ ಕಾಡಿನ ಒಳಗೆ ತೆರೆಯಬೇಕಿತ್ತು. ತೆರೆದು ನೋಡಿದರೆ ಮರಗಳಿಗಿಂತ ಈಚೆಗೇ, ಬಯಲಲ್ಲಿತ್ತು. ಅಳತೆ ತಪ್ಪಿತ್ತು. ಹಗ್ಗ ಜಗ್ಗಿ ಸನ್ನೆ ಮಾಡುತ್ತ ಒಬ್ಬೊಬ್ಬರನ್ನೇ ಹೊರಬಿಟ್ಟರು. ನಿಮಿಷಕ್ಕೊಬ್ಬನಂತೆ ಕಳಿಸುವ ಲೆಕ್ಕ ಎಲ್ಲೋ ಉಳಿಯಿತು. ಬೆಳಗಿನ ಜಾವ ಐದರ ಹೊತ್ತಿಗೆ 77ನೆಯವನು ಪಹರೆಯವನ ಕಣ್ಣಿಗೆ ಬಿದ್ದ. ಹೊರಹೋದವರು 76. ಕೊನೆಯವರೆಗೆ ದಾಟಿ ಬದುಕಿದವರು ಮೂವರು: ಇಬ್ಬರು ನಾರ್ವೆಯವರು, ಒಬ್ಬ ಡಚ್ಚ. ಸಿಕ್ಕಿಬಿದ್ದ 73 ಜನರಲ್ಲಿ 50 ಜನರನ್ನು ಹಿಟ್ಲರನ ಅಪ್ಪಣೆಯಂತೆ ಗುಂಡಿಟ್ಟು ಕೊಂದರು. ಯುದ್ಧಕೈದಿ ತಪ್ಪಿಸಿಕೊಂಡರೆ ಮತ್ತೆ ಹಿಡಿದು ಕೂಡಿಹಾಕಬಹುದು, ಕೊಲ್ಲುವಂತಿಲ್ಲ. ಅದು ದೇಶದೇಶಗಳು ಒಪ್ಪಿದ ಕಟ್ಟಳೆ. ಆ ಕೊಲೆಗಳಿಗಾಗಿ ಯುದ್ಧದ ನಂತರ ವಿಚಾರಣೆ ನಡೆದು ಹಲವರಿಗೆ ಗಲ್ಲಾಯಿತು.

ಸಿನಿಮಾ ಇದನ್ನೆಲ್ಲ ಎಷ್ಟು ನಿಜವಾಗಿ ತೋರಿಸಿದೆ? ಸುರಂಗದ ಮಟ್ಟಿಗೆ ತುಂಬ ನಿಜ. ಅಲ್ಲಿಯೇ ಸುರಂಗ ತೋಡಿಸಿದ್ದ ಕೆನಡಾದ ವಾಲಿ ಫ್ಲಡಿ ಚಿತ್ರೀಕರಣಕ್ಕೆ ಸಲಹೆಗಾರ. ಇಕ್ಕಟ್ಟಿನ ಜಾಗಕ್ಕೆ ಹೆದರುತ್ತಲೇ ತೋಡುವ ಡ್ಯಾನಿಯ ಪಾತ್ರ ಮಾಡಿದ ಚಾರ್ಲ್ಸ್ ಬ್ರಾನ್ಸನ್ ಸಿನಿಮಾಕ್ಕೆ ಬರುವ ಮೊದಲು ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಗಣಿಯಲ್ಲಿ ದುಡಿದವನು. ಸುಳ್ಳು ಚೀಟಿ ಬರೆಯುತ್ತ ಕಣ್ಣು ಮಂಜಾಗುವವನಾಗಿ ನಟಿಸಿದ ಡೊನಾಲ್ಡ್ ಪ್ಲೆಸೆನ್ಸ್ ಸ್ವತಃ ಜರ್ಮನರ ಸೆರೆಯಲ್ಲಿದ್ದವನು. ನಾಯಕ ಬಾರ್ಟ್ಲೆಟ್ ಆಗಿ ನಟಿಸಿದವರು ರಿಚರ್ಡ್ ಅಟೆನ್‌ಬರೋ. ‘ಗಾಂಧಿ’ ಚಿತ್ರ ಮಾಡಿದರಲ್ಲ, ಅವರೇ. ಅಮೆರಿಕದ ಕೈದಿಯಾಗಿ ನಟಿಸಿದ ಸ್ಟೀವ್ ಮೆಕ್ವೀನ್ ಮೋಟಾರು ಬೈಕಿನಲ್ಲಿ ಬೇಲಿ ಹಾರುವುದು ಮಾತ್ರ ಕಲ್ಪನೆ. ಸುರಂಗ ಮುಗಿಯುವ ಎಷ್ಟೋ ಮೊದಲೇ ಅಮೆರಿಕದ ಕೈದಿಗಳನ್ನು ಪಕ್ಕದ ಆವರಣಕ್ಕೆ ಸಾಗಿಸಿದ್ದರು. ಬೈಕು ಹಾರಿದಾಗ ಟಾಕೀಸಿಗೆ ಟಾಕೀಸೇ ಶಿಳ್ಳೆ ಹಾಕಿತು. ಕಾಕಾ ಒಬ್ಬರು ಸುಮ್ಮನಿದ್ದರು. ಅವರಿಗೆ ಸುರಂಗ ಮುಗಿದುಹೋದದ್ದೇ ಬೇಸರ.

1944ರ ವಸಂತದಲ್ಲಿ ಏನಾಗಿತ್ತೋ. ಮಾರ್ಚಿನಲ್ಲಿ ಸಾಗಾನ್. ಏಪ್ರಿಲ್ 29ಕ್ಕೆ ನಮ್ಮ ಡೆಹ್ರಾಡೂನಿನ ಬ್ರಿಟಿಷ್ ಶಿಬಿರದಿಂದ ಏಳು ಜನ ಪಾರಾದರು. ಇಬ್ಬರು ಬ್ರಿಟಿಷ್ ಅಧಿಕಾರಿಗಳ ವೇಷ ಹಾಕಿದ್ದರೆ ಉಳಿದವರದು ಬೇಲಿ ರಿಪೇರಿಗೆ ಹೊರಟ ಕೂಲಿಗಳ ವೇಷ. ಅವರಲ್ಲಿ ಒಬ್ಬ ಹೈನ್ರಿಕ್ ಹ್ಯಾರರ್, ಹಿಮಾಲಯ ದಾಟಿ ಲ್ಹಾಸಾ ಮುಟ್ಟಿದವನು. ಮೇ 11ಕ್ಕೆ ಫ್ರಾನ್ಸಿನ ಎಪಿನಾಲ್. ಇದರ ಬಗ್ಗೆ ನಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ಎಪಿನಾಲಿನ ಸೆರೆಶಿಬಿರದಲ್ಲಿ ಇದ್ದವರು ಭಾರತದ ಸಿಪಾಯಿಗಳು, ಸುಮಾರು ಮೂರು ಸಾವಿರ ಜನ. ಹೆಚ್ಚಿನವರು ಉತ್ತರ ಆಫ್ರಿಕದ ಮರುಭೂಮಿಯಲ್ಲಿ ಸೆರೆ ಸಿಕ್ಕವರು. ಅಮೆರಿಕದ ವಿಮಾನಗಳು ಆ ಊರಿನ ಮೇಲೆ ಬಾಂಬು ಹಾಕಿದಾಗ ಶಿಬಿರದ ಮೇಲೂ ಬಿತ್ತು. ಅನೇಕರು ಸತ್ತರು. ಗೋಡೆ ಒಡೆಯಿತು. ಉಳಿದವರು ಹೊರಬಿದ್ದು, ಚಿಕ್ಕ ಚಿಕ್ಕ ಗುಂಪಾಗಿ ಸ್ವಿಟ್ಜರ್ಲೆಂಡಿನ ಕಡೆ ನಡೆದರು. ಭಾಷೆ ಬಾರದು, ಮೈಬಣ್ಣ ಮುಚ್ಚಿಡಲಾಗದು. ದಾರಿಯ ಹಳ್ಳಿಗಳ ಜನ ತಮ್ಮ ಜೀವವನ್ನು ಪಣಕ್ಕಿಟ್ಟು ಅವರಿಗೆ ರೊಟ್ಟಿ ಕೊಟ್ಟರು, ಕೊಟ್ಟಿಗೆಯಲ್ಲಿ ಮಲಗಿಸಿದರು, ಮುಂದಿನ ದಾರಿ ತೋರಿಸಿದರು. ಗಡಿ ದಾಟಿದವರು ಸುಮಾರು 500. ಸಾಗಾನಿನಿಂದ ಮೂವರು, ಎಪಿನಾಲಿನಿಂದ 500! ಆದರೂ ಸಿನಿಮಾ ಆದದ್ದು ಸಾಗಾನಿನದು. ನಮ್ಮ ಸಿಪಾಯಿಗಳ ಆ ನಡಿಗೆ ನಮ್ಮ ಮಕ್ಕಳ ಪಠ್ಯದಲ್ಲಿ ಬರಬೇಕು, ನಮ್ಮ ಪರದೆಯ ಮೇಲೆ ಬರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಕನ್ನಡದಲ್ಲಿ ಯುದ್ಧದ ಚಿತ್ರಗಳೇ ಬೆರಳೆಣಿಕೆ. ರಾಜೇಂದ್ರಸಿಂಗ್ ಬಾಬು ಅವರು 1990ರಲ್ಲಿ ಮಾಡಿದ ‘ಮುತ್ತಿನ ಹಾರ’ ಕೊಡಗಿನ ಸೈನಿಕನೊಬ್ಬನ ಬಾಳನ್ನು ಹೇಳುತ್ತದೆ. ಅದೇ ಕೊಡಗಿನ ಇನ್ನೊಂದು ನಿಜಸಂಗತಿ ಇದೆ. ಜನರಲ್ ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪ ವಾಯುಪಡೆಯಲ್ಲಿದ್ದರು. 1965ರ ಯುದ್ಧದ ಕೊನೆಗೆ, ಸೆಪ್ಟೆಂಬರ್ 22ರಂದು, ಅವರ ಹಂಟರ್ ವಿಮಾನಕ್ಕೆ ಗುಂಡು ತಗುಲಿ ಪಾಕಿಸ್ತಾನದ ಸೆರೆ ಸಿಕ್ಕರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ದೇಶ ಒಡೆಯುವ ಮೊದಲು ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಬೇಕಾದರೆ ಮಗನನ್ನು ಬಿಟ್ಟುಬಿಡುತ್ತೇನೆಂದು ಹೇಳಿಕಳಿಸಿದರು. ಅಲ್ಲಿರುವ ಯುದ್ಧಕೈದಿಗಳೆಲ್ಲ ನನ್ನ ಮಕ್ಕಳೇ, ಇವನೊಬ್ಬನಿಗೆ ಬೇರೆ ಉಪಚಾರ ಬೇಡ ಎಂದರು ತಂದೆ. ಬಾಗಿಲು ತೆರೆದಿತ್ತು, ಮಗನನ್ನು ಅದರಿಂದ ಒಬ್ಬನೇ ಹೊರಗೆ ತರಲು ಅವರು ಒಪ್ಪಲಿಲ್ಲ. ನಂದಾ ಕಾರ್ಯಪ್ಪ ಮಿಕ್ಕ ಕೈದಿಗಳಂತೆ ತಮ್ಮ ಪಾಳಿ ಬಂದಾಗ, 1966ರಲ್ಲಿ, ಮರಳಿದರು.

ಮುಂದೆ, 1972ರ ಆಗಸ್ಟಿನಲ್ಲಿ, ರಾವಲ್ಪಿಂಡಿಯ ಸೆರೆಯಿಂದ ನಮ್ಮ ವಾಯುಪಡೆಯ ಮೂವರು ಪಾರಾದರು: ದಿಲೀಪ್ ಪಾರೂಲ್ಕರ್, ಎಂ.ಎಸ್. ಗ್ರೇವಾಲ್, ಹರೀಶ್ ಸಿಂಹಜಿ. ಕೋಣೆಯ ಗೋಡೆಯ ಇಟ್ಟಿಗೆಗಳನ್ನು ಒಂದೊಂದಾಗಿ ಸಡಿಲಿಸಿ, ಬಿರುಗಾಳಿಯ ರಾತ್ರಿಯಲ್ಲಿ ತೂತಿನಿಂದ ಹೊರಬಿದ್ದರು. ಬಸ್ಸು ಹಿಡಿದು ಪೇಶಾವರ, ಅಲ್ಲಿಂದ ಖೈಬರ್ ದಾರಿಯಲ್ಲಿ ಲಂಡಿ ಕೋಟಲ್. ಅಫ್ಘಾನಿಸ್ತಾನದ ಗಡಿ ಕೆಲವೇ ಮೈಲಿ. ಅವರ ಬಳಿಯ ನಕಾಶೆಯಲ್ಲಿ ಗಡಿಯ ಹತ್ತಿರ ಲಂಡಿ ಖಾನಾ ಎಂಬ ರೈಲು ನಿಲ್ದಾಣವಿತ್ತು. ಅಲ್ಲಿಗೆ ಹೋಗುವುದು ಹೇಗೆಂದು ಕೇಳಿದರು. ಆ ನಿಲ್ದಾಣ 1932ರಲ್ಲೇ ಮುಚ್ಚಿತ್ತು. ಊರಿನವರಿಗೆ ಅನುಮಾನ ಬಂತು, ಮೂವರೂ ಸಿಕ್ಕಿಬಿದ್ದರು. ಸಾಗಾನಿನಲ್ಲಿ ಕಾಡಿನ ಅಳತೆ ತಪ್ಪಿದ ಹಾಗೆ ಇಲ್ಲಿ ಹಳೆಯ ನಕಾಶೆಯ ಒಂದು ಚುಕ್ಕೆ ಮೋಸ ಮಾಡಿತು. ಜೀವಕ್ಕೆ ಅಪಾಯವಾಗಲಿಲ್ಲ. ಆ ವರ್ಷದ ಡಿಸೆಂಬರ್ 1ರಂದು ಎಲ್ಲರ ಜೊತೆ ವಾಘಾದಿಂದ ಬಂದರು. ಆ ಮೂವರು ಓಡಿಹೋದದ್ದಕ್ಕೆ ಒಳಗುಳಿದ ಜೊತೆಗಾರರು ಕಷ್ಟಪಟ್ಟರು. ಅವರನ್ನು ಲಾಯಲ್‌ಪುರದ ಸೆರೆಗೆ ಸಾಗಿಸಿದ್ದರು.

ನಮ್ಮ ಕಲಬುರಗಿಯ ಜೈಲಿನ ಚರಿತ್ರೆ ಬೇರೆ ಥರದ್ದು. 1939ರಲ್ಲಿ, ನಿಜಾಮರ ಕಾಲದಲ್ಲಿ, ಆರ್ಯಸಮಾಜದ ಸತ್ಯಾಗ್ರಹಿಗಳು ಮಹಾತ್ಮಾ ನಾರಾಯಣಸ್ವಾಮಿಯವರ ಮುಂದಾಳುತನದಲ್ಲಿ ಇಲ್ಲಿಗೆ ಬಂದು ತಾವಾಗಿ ಸೆರೆ ಹೋದರು. ಸೈನಿಕನಿಗೆ ಸೆರೆಯಿಂದ ತಪ್ಪಿಸಿಕೊಳ್ಳುವುದು ಕರ್ತವ್ಯ, ಸತ್ಯಾಗ್ರಹಿಗೆ ಒಳಗೆ ಹೋಗುವುದೇ ಕರ್ತವ್ಯ. ಎರಡೂ ದಾರಿ ಬಲ್ಲವರು ಜಯಪ್ರಕಾಶ ನಾರಾಯಣರು. 1942ರ ದೀಪಾವಳಿಯ ರಾತ್ರಿ ಅವರು ಐವರು ಜೊತೆಗಾರರೊಂದಿಗೆ ಧೋತರಗಳನ್ನು ಗಂಟು ಹಾಕಿ ಹಜಾರಿಬಾಗ್ ಜೈಲಿನ ಗೋಡೆ ಹಾರಿದರು. ಆಗ ಒಳಗಿದ್ದವರು ಪಹರೆಯವರ ಗಮನ ಆ ಕಡೆ ಹೋಗದಂತೆ ದೀಪ ಹಚ್ಚಿ ಹಬ್ಬ ಮಾಡುತ್ತಿದ್ದರು. ಗೋಡೆ ಹಾರಿದ ಆರು ಜನರ ಹೆಸರು ಪುಸ್ತಕದಲ್ಲಿದೆ. ಹಬ್ಬ ಮಾಡಿದವರ ಹೆಸರು ನಾನು ಹುಡುಕಿದ ಕಡೆ ಸಿಗಲಿಲ್ಲ.

ಮತ್ತೆ ಆ ಭಾನುವಾರಕ್ಕೆ ಬರುತ್ತೇನೆ. ಸಿನಿಮಾದ ಕೊನೆಗೆ ಪರದೆಯ ಮೇಲೆ ಒಂದು ಸಾಲು ಬರುತ್ತದೆ. ಜನ ಆಗಲೇ ಎದ್ದು ಬಾಗಿಲ ಕಡೆ ನಡೆದಿದ್ದರು. ಕಾಕಾ ಏಳಲಿಲ್ಲ.

‘ಏನು ಬರದಾರ ತಮ್ಮಾ?’

‘ಆ ಐವತ್ತು ಮಂದಿಗಿ ಈ ಸಿನಿಮಾ ಅರ್ಪಣೆ ಅಂತ ಬರದಾರ ಕಾಕಾ.’

‘ಹೆಸರು?’

‘ಹೆಸರು ಬರದಿಲ್ಲ.’

ಅವರು ಬಗ್ಗಿ ಹಗ್ಗದ ಸಿಂಬಿ ಎತ್ತಿ ಹೆಗಲಿಗೆ ಹಾಕಿಕೊಂಡರು. ಬಸ್‌ಸ್ಟ್ಯಾಂಡಿನವರೆಗೆ ಮಾತಾಡಲಿಲ್ಲ.

ಎಷ್ಟೋ ವರ್ಷ ಕಳೆದು ಓದುವಾಗ ನನಗೊಂದು ಸಂಗತಿ ಸಿಕ್ಕಿತು. ಆ ಐವತ್ತು ಜನರಿಗೆ ಸಾಗಾನಿನಲ್ಲೇ ಒಂದು ಕಲ್ಲಿನ ಸ್ಮಾರಕವಿದೆ. ಯುದ್ಧ ನಡೆದಿರುವಾಗಲೇ, 1944ರಲ್ಲಿ ಕಟ್ಟಿದ್ದು. ಐವತ್ತೂ ಹೆಸರನ್ನು ಅದರ ಮೇಲೆ ಕೆತ್ತಿದ್ದಾರೆ. ರಜೆಯಲ್ಲಿ ಕಮಲಾಪುರಕ್ಕೆ ಹೋದಾಗ ಹೇಳಿದೆ. ಕಾಕಾಗೆ ಆಗ ಬಾವಿ ಇಳಿಯುವ ಶಕ್ತಿ ಇರಲಿಲ್ಲ, ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಸಿನಿಮಾ ನೆನಪಿದೆಯಾ ಎಂದು ನಾನು ಕೇಳುವ ಮೊದಲೇ ಹೆಸರಿನ ಮಾತಿಗೆ ತಲೆ ಎತ್ತಿದರು.

‘ಕಲ್ಲು ಯಾರು ಕಟ್ಟಿದರು? ಸರ್ಕಾರದವರಾ?’

‘ಅಲ್ಲ ಕಾಕಾ. ಒಳಗ ಉಳದಿದ್ದ ಕೈದಿಗಳೇ ಕಟ್ಟಿದ್ದು.’

‘ಹೌದಾ?’ ಅಂದರು. ಹೊಸೆಯುತ್ತಿದ್ದ ಎಳೆಯನ್ನು ಕಾಲಬೆರಳಿಗೆ ಸಿಕ್ಕಿಸಿ ಬಿಗಿ ಮಾಡಿಕೊಂಡರು. ‘ಕೆತ್ತೋ ಕಬ್ಬಿಣ ಎಲ್ಲಿಂದ ತಂದರು?’